ಹಾವಿನ ಮಡಕೆ, ಹಾವಿನ ಪೆಟ್ಟಿಗೆ ಮತ್ತು ರೈತನ ಹಿತ್ತಿಲು

ಹಾವನ್ನು ಇಡುವ ಗೂಡಿನ ವಿಷಯ ರೈತರ ಪತ್ರಿಕೆಯಲ್ಲಿ ಏಕೆ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿತದಿಂದ ಸತ್ತವರ ಸಂಖ್ಯೆ ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅಂದರೆ ವರ್ಷವೊಂದಕ್ಕೆ ಸರಾಸರಿ 58,000 ಜನ. ಇವರಲ್ಲಿ ಹೆಚ್ಚಿನವರು ಹಳ್ಳಿಯವರು. ಸಾವುಗಳಲ್ಲಿ ಹೆಚ್ಚಿನವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಹೊಲಗದ್ದೆಗಳ ಕೆಲಸ ಭರದಿಂದ ಸಾಗಿರುವಾಗಲೇ ಆಗುತ್ತವೆ. ಇವರನ್ನು ಉಳಿಸಬಲ್ಲ ನಿಜವಾದ ಔಷಧಿ ಪ್ರತಿವಿಷ ಒಂದೇ. ಆ ಪ್ರತಿವಿಷಕ್ಕೆ ಬೇಕಾದ ಹಾವಿನ ವಿಷವನ್ನು ಜೀವಂತ ಹಾವಿನಿಂದಲೇ ತೆಗೆಯಬೇಕು. ವಿಷ ತೆಗೆಯುವವರೆಗೆ ಹಾವನ್ನು ಎಲ್ಲಿಯೋ ಇಟ್ಟಿರಬೇಕು. ಇಟ್ಟ ಜಾಗ ಕೊಳಕಾಗಿದ್ದರೆ, ಹಾವು ಬೆದರಿ ಬಳಲಿದರೆ, ವಿಷವೂ ಕಡಿಮೆ, ಹಾವೂ ಉಳಿಯದು.

ಇನ್ನೊಂದು ಕಾರಣವೂ ಉಂಟು. ಹಾವಿಗೆ ಎಂತಹ ನೆಲೆ ಹಿತವೆಂದು ತಿಳಿದವನಿಗೆ, ತನ್ನ ಮನೆಯ ಸುತ್ತ ಅಂತಹ ನೆಲೆಯನ್ನು ತಾನೇ ಎಲ್ಲೆಲ್ಲಿ ಕಟ್ಟಿಕೊಟ್ಟಿದ್ದೇನೆ ಎಂಬುದೂ ಕಾಣತೊಡಗುತ್ತದೆ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ಹಾವುಗಳನ್ನು ಅನುಮತಿಯಿಲ್ಲದೆ ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಕೇರೆಹಾವು ವಿಷವಿಲ್ಲದ್ದು, ಇಲಿ ಹಿಡಿಯುತ್ತದೆ ಎಂದು ಅದನ್ನು ಕಣಜದಲ್ಲಿ ಕೂಡಿಹಾಕುವುದಕ್ಕೂ ಕಾನೂನಿನ ಒಪ್ಪಿಗೆಯಿಲ್ಲ. ಮುಂದೆ ಹೇಳುವುದು ಅಧ್ಯಯನಕ್ಕೆ. ಮನೆಯಲ್ಲಿ ಮಾಡಿ ನೋಡುವುದಕ್ಕಲ್ಲ.

ಹಾವಿನ ಮೈಗುಣ

ದನಕರುಗಳಂತೆ ಹಾವು ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲು, ಬೆಚ್ಚನೆಯ ಕಲ್ಲು, ಬಿಲದ ತಂಪು ಇವುಗಳ ನಡುವೆ ಓಡಾಡಿ ಮೈಯನ್ನು ಹದಕ್ಕೆ ತಂದುಕೊಳ್ಳುತ್ತದೆ. ನಮ್ಮ ಕಡೆಯ ಬಹುತೇಕ ಹಾವುಗಳಿಗೆ 28ರಿಂದ 32 ಡಿಗ್ರಿ ಸೆಂಟಿಗ್ರೇಡ್ ಸುಮಾರಿನ ಉಷ್ಣತೆ ಹಿತಕರ. ತೀರ ತಣ್ಣಗಾದರೆ ನುಂಗಿದ ಇಲಿ ಹೊಟ್ಟೆಯಲ್ಲಿ ಜೀರ್ಣವಾಗದೆ ಕೊಳೆಯುತ್ತದೆ, ಹಾವು ಅದನ್ನು ಕಾರಿಕೊಳ್ಳುತ್ತದೆ. ಮೈ ಶಾಖ 40 ಡಿಗ್ರಿಯನ್ನು ಮೀರಿದರೆ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ನೆರಳಿಲ್ಲದ ಬಯಲಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಹಾವನ್ನು ಇಟ್ಟರೆ ಅದು ಕೊಂದಂತೆಯೇ.

ಎರಡನೆಯದಾಗಿ, ಹಾವು ಅಂಜುಬುರುಕ ಪ್ರಾಣಿ. ಹದ್ದು, ಮುಂಗುಸಿ, ನವಿಲು, ಮನುಷ್ಯ ಎಲ್ಲರೂ ಅದಕ್ಕೆ ಶತ್ರುಗಳು. ಕೈಕಾಲಿಲ್ಲದ ಜೀವಿಗೆ ಬಚ್ಚಿಟ್ಟುಕೊಳ್ಳುವುದೇ ಮುಖ್ಯ ರಕ್ಷಣೆ. ಅದೂ ವಿಶಾಲವಾದ ಕೋಣೆಯಲ್ಲಲ್ಲ. ಸುರುಳಿ ಸುತ್ತಿದಾಗ ಮೈಯ ಎರಡೂ ಪಕ್ಕ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಕತ್ತಲಲ್ಲಿ. ಕುರಿಗೆ, ಕೋಳಿಗೆ ಜಾಗ ಹೆಚ್ಚಿದಷ್ಟೂ ಒಳ್ಳೆಯದೆಂದು ಕಲಿತ ನಮಗೆ ಇದು ವಿಚಿತ್ರವೆನಿಸಬಹುದು. ಅಡಗುತಾಣವಿಲ್ಲದ ದೊಡ್ಡ ಗೂಡಿನಲ್ಲಿ ಹಾವು ಸೊರಗುತ್ತದೆ. ಅಡಗುತಾಣವಿರುವ ಸಾಧಾರಣ ಗೂಡಿನಲ್ಲಿ ನೆಮ್ಮದಿಯಾಗಿರುತ್ತದೆ.

ಮೂರನೆಯದು ನೆಲದ ಅದುರು. ಹಾವಿಗೆ ಹೊರಕಿವಿ ಇಲ್ಲ. ಆದರೆ ನೆಲದ ಮೂಲಕ ಬರುವ ಕಂಪನ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಹಿಟ್ಟಿನ ಗಿರಣಿಯ ಪಕ್ಕ, ಪಂಪ್‌ಸೆಟ್ ಕೂರಿಸಿದ ಕಟ್ಟೆಯ ಮೇಲೆ ಗೂಡು ಇಟ್ಟರೆ ಆ ಹಾವಿಗೆ ಹಗಲಿರುಳೂ ಯಾರೋ ತುಳಿಯಲು ಬರುತ್ತಿರುವಂತೆಯೇ ಸರಿ.

ವಡನೆಮ್ಮೇಲಿಯ ಮಡಕೆಗಳು

ಮೇಲಿನ ಮೂರು ಗುಣಗಳನ್ನೂ ಅರಿತು ಕಡಿಮೆ ಖರ್ಚಿನಲ್ಲಿ ಹಾವಿಗೆ ನೆಲೆ ಮಾಡಿಕೊಟ್ಟವರು ತಮಿಳುನಾಡಿನ ಇರುಳರು. ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಕಡಲ ಬದಿಯ ರಸ್ತೆಯಲ್ಲಿ ವಡನೆಮ್ಮೇಲಿ ಎಂಬ ಊರಿದೆ. ಅಲ್ಲಿನ ಮೊಸಳೆ ಪಾಲನಾ ಕೇಂದ್ರದ ಆವರಣದಲ್ಲಿ ಇರುಳ ಹಾವು ಹಿಡಿಯುವವರ ಸಹಕಾರ ಸಂಘವಿದೆ. ತಲೆಮಾರುಗಳಿಂದ ಗದ್ದೆಬದುಗಳಲ್ಲಿ ಇಲಿ, ಹಾವು ಹಿಡಿದು ಬದುಕಿದ ಈ ಜನರು ಹಿಂದೆ ಚರ್ಮದ ವ್ಯಾಪಾರಿಗಳಿಗೆ ಹಾವುಗಳನ್ನು ಒದಗಿಸುತ್ತಿದ್ದರು. 1972ರ ಕಾಯಿದೆಯ ನಂತರ ಆ ದಾರಿ ಮುಚ್ಚಿತು. ಹಾವನ್ನು ಕೊಲ್ಲದೆ, ಅದರ ವಿಷವನ್ನಷ್ಟೇ ತೆಗೆದು ಬದುಕುವ ದಾರಿಯನ್ನು ಉರಗತಜ್ಞ ರೋಮುಲಸ್ ವಿಟೇಕರ್ ಅವರ ನೆರವಿನಿಂದ ಕಂಡುಕೊಂಡು 1978ರಲ್ಲಿ ಸಂಘವನ್ನು ಕಟ್ಟಿದರು. ಇರುಳ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಇವರಿಬ್ಬರಿಗೆ 2023ರಲ್ಲಿ ಪದ್ಮಶ್ರೀ ದೊರೆತದ್ದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ಕಾಲೇಜು ಹತ್ತದೆ ಗಳಿಸಿದ ಪಾಂಡಿತ್ಯವನ್ನು ಕಾಲೇಜಿನವರು ಒಪ್ಪಿಕೊಳ್ಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಸಂಘದವರು ಹಿಡಿಯುವುದು ನಾಲ್ಕು ಜಾತಿಗಳನ್ನು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಯಾವ ಜಾತಿಯನ್ನು ಎಷ್ಟು ಹಿಡಿಯಬಹುದೆಂಬುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಿಡಿದ ಹಾವನ್ನು ತೂಕಮಾಡಿ, ಅಳೆದು, ಮಣ್ಣಿನ ಮಡಕೆಯೊಳಗೆ ಬಿಟ್ಟು, ಮಡಕೆಯ ಬಾಯಿಗೆ ಹತ್ತಿಬಟ್ಟೆ ಬಿಗಿದು ಕಟ್ಟುತ್ತಾರೆ. ಸುಮಾರು ಮೂರರಿಂದ ನಾಲ್ಕು ವಾರ ಮಾತ್ರ ಇಟ್ಟುಕೊಂಡು, ವಾರಕ್ಕೊಮ್ಮೆಯಂತೆ ವಿಷ ತೆಗೆದು, ಅನಂತರ ಕಾಡಿಗೆ ಬಿಡುತ್ತಾರೆ. ಬಿಡುವ ಮುನ್ನ ಹೊಟ್ಟೆಯ ಅಡಿಯ ಹುರುಪೆಯ ಅಂಚನ್ನು ಗುರುತಿಗಾಗಿ ಕತ್ತರಿಸುತ್ತಾರೆ. ಕೆಲವು ಸಲ ಪೊರೆ ಬಿಟ್ಟ ಮೇಲೆ ಆ ಗುರುತು ಅಳಿಸಿಹೋಗುತ್ತದೆ. ಅಲ್ಲಿಯತನಕ ಅದೇ ಹಾವು ಮತ್ತೆ ಕೈಗೆ ಸಿಕ್ಕರೆ ಗುರುತು ನೋಡಿ ಬಿಟ್ಟುಬಿಡುತ್ತಾರೆ. ಬೆಳೆ ಕೊಯ್ದು ಬೇರು ಉಳಿಸಿದ ಹಾಗೆ.

ಆ ಮಡಕೆಯನ್ನೇ ಸ್ವಲ್ಪ ಗಮನವಿಟ್ಟು ನೋಡಬೇಕು. ಮಡಕೆಯ ಒಳಗೆ ಕತ್ತಲು. ಆದುದರಿಂದ ಹಾವಿಗೆ ಯಾರೂ ಕಾಣರು, ಯಾರಿಗೂ ಹಾವು ಕಾಣದು. ದುಂಡಗಿನ ಒಡಲಿನಲ್ಲಿ ಮೂಲೆಗಳಿಲ್ಲ. ತಂತಿಬಲೆಯ ಗೂಡಿನಲ್ಲಿ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುವ ಹಾವಿಗೆ ಇಲ್ಲಿ ಉಜ್ಜಲು ಏನೂ ಸಿಗದು. ಸುರುಳಿ ಸುತ್ತಿದಾಗ ಮೈ ಗೋಡೆಗೆ ತಾಗುತ್ತದೆ. ಬಟ್ಟೆಯ ಮೂಲಕ ಗಾಳಿ ಆಡುತ್ತದೆ. ತಳದ ಮರಳು ಹಿಕ್ಕೆಯ ತೇವವನ್ನು ಹೀರಿಕೊಳ್ಳುತ್ತದೆ. ಕುಡಿಯುವ ನೀರಿನ ಮಡಕೆ ಬೇಸಿಗೆಯಲ್ಲಿ ತಣ್ಣಗಿರುವುದು ಹೇಗೆಂದು ಎಲ್ಲರಿಗೂ ಗೊತ್ತು. ಹಾವಿನ ಮಡಕೆಯಲ್ಲಿಯೂ ಮರಳಿನ ತೇವ ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ಆರಿದಂತೆ ಒಳಗೆ ತಂಪು ಉಳಿಯುತ್ತದೆ. ಕೊನೆಗೆ, ಮಡಕೆಯನ್ನು ತೊಳೆದು ಬಿಸಿಲಿಗೆ ಒಣಗಿಸುವುದು ಸುಲಭ. ಒಡೆದರೆ ಹೊಸದು ತರಲು ದೊಡ್ಡ ಖರ್ಚಿಲ್ಲ.

ಇದರಲ್ಲಿ ಕೊರತೆಯೇ ಇಲ್ಲವೆಂದಲ್ಲ. ಮಡಕೆಯೊಳಗೆ ಬಿಸಿ ಪಕ್ಕ, ತಣ್ಣನೆಯ ಪಕ್ಕ ಎಂಬ ಆಯ್ಕೆ ಹಾವಿಗೆ ಇರುವುದಿಲ್ಲ. ಕೆಲವು ವಾರಗಳ ಮಟ್ಟಿಗೆ ಸರಿ, ವರ್ಷಗಟ್ಟಲೆ ಇಡಲು ಆಗದು. ಕಾಡಿನಿಂದ ಹಿಡಿದು ತಂದು ವಿಷ ತೆಗೆದು ಬಿಡುವ ಕ್ರಮಕ್ಕಿಂತ, ಹಾವುಗಳನ್ನು ಉರಗಶಾಲೆಯಲ್ಲೇ ವೈದ್ಯರ ಕಣ್ಗಾವಲಿನಲ್ಲಿ ಸಾಕಿ, ಯಾವ ಊರಿನ ಹಾವು, ಯಾವ ಜಾತಿ ಎಂಬ ದಾಖಲೆಯಿಟ್ಟು ವಿಷ ತೆಗೆಯುವುದು ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಈ ಮಾತಿನಲ್ಲಿ ನಮ್ಮವರು ಗಮನಿಸಬೇಕಾದ ತಿರುಳಿದೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಒಂದು ಕಡೆಯ ವಿಷದಿಂದ ಮಾಡಿದ ಪ್ರತಿವಿಷ ಇನ್ನೊಂದು ಕಡೆಯ ಹಾವಿನ ಕಡಿತಕ್ಕೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಬೇರೆ ಬೇರೆ ಸೀಮೆಗಳಲ್ಲಿ ಹಾವುಗಳನ್ನು ಚೊಕ್ಕಟವಾಗಿ, ನೆಮ್ಮದಿಯಾಗಿ ಇಡಬಲ್ಲ ಉರಗಶಾಲೆಗಳು ಬೇಕೆಂಬುದು ಬರಿಯ ಪ್ರಾಣಿದಯೆಯ ಮಾತಲ್ಲ.

ಚೊಕ್ಕಟತನ: ಎಷ್ಟು, ಹೇಗೆ

ಗೂಡಿನ ಹಾವಿಗೆ ಬರುವ ರೋಗಗಳಲ್ಲಿ ಹೆಚ್ಚಿನವು ಕೊಳಕಿನಿಂದ ಮತ್ತು ಒದ್ದೆಯಿಂದ ಬರುವಂಥವು. ಸದಾ ಜೌಗಾದ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗಿ, ಗುಳ್ಳೆಯೆದ್ದು, ಕೊಳೆಯುತ್ತವೆ. ತೇವ ಬೇಕು, ಒದ್ದೆ ಬೇಡ. ಬಿತ್ತನೆಯ ಹದದ ಮಣ್ಣು ಹೇಗಿರುತ್ತದೆಂದು ಬಲ್ಲ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೀರ ಒಣಗಿದರೂ ತೊಂದರೆಯೇ: ಪೊರೆ ಒಂದೇ ಸಮನೆ ಕಳಚದೆ ಚೂರು ಚೂರಾಗಿ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲಿನ ಪೊರೆ ಉಳಿದುಕೊಂಡರೆ ಹಾವಿಗೆ ನೋಟ ಮಂದವಾಗುತ್ತದೆ.

ಹಾವಿನ ಹಿಕ್ಕೆಯ ಜೊತೆ ಸುಣ್ಣದಂತಹ ಬಿಳಿಯ ವಸ್ತು ಬೀಳುತ್ತದೆ. ಅದೇ ಅದರ ಮೂತ್ರ. ಕಂಡ ಕೂಡಲೇ ಅದನ್ನೂ ಅದರ ಸುತ್ತಲಿನ ಹಾಸನ್ನೂ ತೆಗೆಯಬೇಕು. ಕುಡಿಯುವ ನೀರನ್ನು ದಿನವೂ ನೋಡಿ ಬದಲಿಸಬೇಕು, ಏಕೆಂದರೆ ಹಾವು ಆ ನೀರಿನಲ್ಲಿ ಮಲಗುವುದೂ ಉಂಟು, ಹಿಕ್ಕೆ ಹಾಕುವುದೂ ಉಂಟು. ಹಾವು ಗಂಟೆಗಟ್ಟಲೆ ನೀರಿನಲ್ಲೇ ಮುಳುಗಿ ಕುಳಿತಿದ್ದರೆ ಹುರುಪೆಗಳ ಸಂದಿನಲ್ಲಿ ಕರಿಯ ಕಾಳಿನಂತಹ ನುಸಿ ಹತ್ತಿದೆಯೇ ಎಂದು ಪರೀಕ್ಷಿಸಬೇಕು. ಹೊಸದಾಗಿ ತಂದ ಹಾವನ್ನು ಹಳೆಯ ಹಾವುಗಳ ಜೊತೆ ಸೇರಿಸದೆ ಬೇರೆ ಕೋಣೆಯಲ್ಲಿಡುವುದು ಈ ನುಸಿಯ ಭಯದಿಂದಲೇ. ಕೊಟ್ಟಿಗೆಗೆ ಹೊಸ ದನ ತಂದಾಗ ಮಾಡುವ ಕ್ರಮವೇ ಇದು. ಎಷ್ಟು ಜನ ಮಾಡುತ್ತಾರೆ ಎಂಬುದು ಬೇರೆ ಮಾತು.

ಗೂಡನ್ನು ಪೂರ್ತಿ ಖಾಲಿಮಾಡಿ ತೊಳೆಯುವುದು ಆಗಾಗ ಬೇಕು, ಆದರೆ ದಿನವೂ ಬೇಡ. ಹಾವು ತನ್ನ ನೆಲೆಯನ್ನು ಗುರುತಿಸುವುದು ಬಹುಮಟ್ಟಿಗೆ ನಾಲಿಗೆಯಿಂದ. ನಾಲಿಗೆ ಚಾಚಿ ತಂದ ವಾಸನೆಯನ್ನು ಬಾಯಿಯ ಮೇಲ್ಭಾಗದಲ್ಲಿರುವ ವಿಶೇಷ ಅಂಗದಿಂದ ಅರಿಯುತ್ತದೆ. ಎಲ್ಲವನ್ನೂ ಉಜ್ಜಿ ತೊಳೆದರೆ ಅದರ ಪಾಲಿಗೆ ಅದು ಹೊಸ ಜಾಗ. ಮತ್ತೆ ಅಂಜಿಕೆ ಶುರುವಾಗುತ್ತದೆ.

ತೊಳೆಯಲು ಸಾಬೂನು ನೀರು ಸಾಕು. ಬ್ಲೀಚಿಂಗ್ ಪುಡಿಯ ತೆಳು ದ್ರಾವಣ ಬಳಸಿದರೆ ಹಲವು ಸಲ ನೀರು ಹಾಕಿ ತೊಳೆದು, ವಾಸನೆ ಹೋಗುವವರೆಗೆ ಬಿಸಿಲಿನಲ್ಲಿ ಒಣಗಿಸಬೇಕು. ಫಿನಾಯಿಲನ್ನು ಮಾತ್ರ ಮುಟ್ಟಬಾರದು. ಅದರಲ್ಲಿರುವ ಅಂಶ ಹಾವಿನ ಚರ್ಮದ ಮೂಲಕ ಒಳಸೇರಿ ವಿಷವಾಗುತ್ತದೆ. ಇಲ್ಲಿ ರೈತರು ಕೇಳುವುದುಂಟು: ಹಾಗಾದರೆ ಮನೆಯ ಸುತ್ತ ಫಿನಾಯಿಲ್ ಸುರಿದರೆ ಹಾವು ಬಾರದಲ್ಲವೇ? ಬರುತ್ತದೆ. ಮುಚ್ಚಿದ ಗೂಡಿನಲ್ಲಿ ಮೈಗೆ ತಾಗಿ ಕೆಡುಕಾಗುವುದು ಬೇರೆ, ಬಯಲಿನಲ್ಲಿ ಗೆರೆ ಎಳೆದು ತಡೆಯುವುದು ಬೇರೆ. ಫಿನಾಯಿಲ್, ಕಾರ್ಬಾಲಿಕ್ ಆಮ್ಲ, ಬೆಳ್ಳುಳ್ಳಿ ನೀರು, ಸೀಮೆಎಣ್ಣೆ ಯಾವುದೂ ಹಾವಿಗೆ ಬೇಲಿಯಾಗದು. ಕಾರ್ಬಾಲಿಕ್ ಆಮ್ಲವಂತೂ ಮಕ್ಕಳ ಕೈಗೆ ಸಿಕ್ಕರೆ ಹಾವಿಗಿಂತ ಅಪಾಯಕಾರಿ.

ಹಾವಾಡಿಗನ ಬುಟ್ಟಿ

ಕೆಟ್ಟ ಗೂಡು ಹೇಗಿರುತ್ತದೆಂದು ತಿಳಿಯಬೇಕಾದರೆ ಹಾವಾಡಿಗನ ಬುಟ್ಟಿಯನ್ನು ನೆನೆಯಬೇಕು. ಬುಟ್ಟಿಯೂ ದುಂಡಗಿದೆ, ಕತ್ತಲಿದೆ, ಇಕ್ಕಟ್ಟಾಗಿದೆ. ಆದರೂ ಅದರಲ್ಲಿನ ನಾಗರಹಾವು ಹೆಚ್ಚು ಕಾಲ ಬದುಕದು. ಮುಚ್ಚಳವನ್ನು ದಿನಕ್ಕೆ ಹತ್ತಾರು ಸಲ ತೆಗೆದು, ತಟ್ಟಿ, ಹೆಡೆ ಎತ್ತಿಸುತ್ತಾರೆ. ಹೆಡೆ ಎತ್ತಿದ ಹಾವು ಆಡುತ್ತಿಲ್ಲ, ಹೆದರಿದೆ. ಹಲ್ಲು ಕಿತ್ತ ಗಾಯ ಕೀವಾಗಿ ಬಾಯಿ ಕೊಳೆಯುತ್ತದೆ; ಬಾಯಿ ಹೊಲಿದ ಹಾವಂತೂ ಉಪವಾಸವೇ. ನಾಗರಪಂಚಮಿಯ ದಿನ ಅದು ಹಾಲು ಕುಡಿಯುವುದು ದಿನಗಟ್ಟಲೆ ನೀರಿಲ್ಲದ ದಾಹದಿಂದ. ಹಾಲು ಹಾವಿನ ಆಹಾರವಲ್ಲ, ಜೀರ್ಣವೂ ಆಗದು. ಮಡಕೆಗೂ ಬುಟ್ಟಿಗೂ ಇರುವ ವ್ಯತ್ಯಾಸ ಆಕಾರದಲ್ಲಿಲ್ಲ, ಮುಚ್ಚಳ ಎಷ್ಟು ಸಲ ತೆರೆಯುತ್ತದೆ ಎಂಬುದರಲ್ಲಿದೆ.

ಅಂಜಿದ ಹಾವಿನ ಲಕ್ಷಣಗಳನ್ನು ಪಶುಪಾಲನೆ ಬಲ್ಲವರು ಬೇಗ ಗುರುತಿಸಬಲ್ಲರು. ಮೇವು ಬಿಡುವುದು, ಗೂಡಿನ ಸುತ್ತ ನಿಲ್ಲದೆ ಹರಿದಾಡುವುದು, ಮೂತಿ ಉಜ್ಜುವುದು, ತಿಂದುದನ್ನು ಕಾರುವುದು, ಸಣ್ಣ ಸದ್ದಿಗೂ ಬುಸುಗುಡುವುದು. ಪೊರೆ ಬಿಡುವ ಮುಂಚಿನ ಕೆಲವು ದಿನ ಕಣ್ಣು ನೀಲಿ ಮಿಶ್ರಿತ ಬಿಳುಪಾಗಿ ನೋಟ ಮಸುಕಾಗುತ್ತದೆ. ಆಗ ಅದನ್ನು ಮುಟ್ಟಲೇಬಾರದು.

ಅಮೆರಿಕದ ಕಾರ್ನ್ ಸ್ನೇಕ್

ಕೆಲವು ದೇಶಗಳಲ್ಲಿ ಹಾವು ಸಾಕುವುದು ಕಾನೂನುಬದ್ಧ ಹವ್ಯಾಸ. ಅಮೆರಿಕದ ಆಗ್ನೇಯ ಸೀಮೆಯ ಕಾರ್ನ್ ಸ್ನೇಕ್ ಅಂಥವರಿಗೆ ಪ್ರಿಯವಾದ ಹಾವು. ವಿಷವಿಲ್ಲ, ಮೂರರಿಂದ ಐದು ಅಡಿ ಬೆಳೆಯುತ್ತದೆ, ಇಲಿಯನ್ನು ಸುತ್ತಿ ಹಿಸುಕಿ ಕೊಲ್ಲುತ್ತದೆ. ಮುಸುಕಿನ ಜೋಳದ ಕಣಜಗಳಲ್ಲಿ ಇಲಿ ಹಿಡಿಯುತ್ತಿದ್ದುದರಿಂದ ಈ ಹೆಸರೆಂದು ಕೆಲವರೂ, ಹೊಟ್ಟೆಯ ಮೇಲಿನ ಚೌಕಳಿ ಜೋಳದ ತೆನೆಯಂತೆ ಕಾಣುವುದರಿಂದ ಎಂದು ಕೆಲವರೂ ಹೇಳುತ್ತಾರೆ.

ಬೆಳೆದ ಹಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಗಾಜಿನ ಅಥವಾ ಮರದ ಪೆಟ್ಟಿಗೆ ಮಾಡುತ್ತಾರೆ. ಒಂದು ತುದಿ 30 ಡಿಗ್ರಿ, ಇನ್ನೊಂದು ತುದಿ 24 ಡಿಗ್ರಿಯಷ್ಟಿರುವಂತೆ ಶಾಖ ಕೊಡುತ್ತಾರೆ. ಶಾಖ ಮಿತಿಮೀರದಂತೆ ತಾನೇ ಆರಿಸುವ ಸಾಧನವಿಲ್ಲದಿದ್ದರೆ ಹಾವಿನ ಹೊಟ್ಟೆ ಸುಡುತ್ತದೆ. ಎರಡೂ ತುದಿಗಳಲ್ಲಿ ಒಂದೊಂದು ಅಡಗುಗೂಡು ಇರಬೇಕು. ಇದೇ ಮುಖ್ಯ. ಒಂದೇ ಕಡೆ ಇಟ್ಟರೆ ಹಾವು ಶಾಖಕ್ಕಿಂತ ಅಡಗುವುದನ್ನೇ ಆರಿಸಿಕೊಂಡು ಚಳಿಯಲ್ಲೋ ಸೆಕೆಯಲ್ಲೋ ಕುಳಿತುಬಿಡುತ್ತದೆ. ಹಾಸಿಗೆಗೆ ಕಾಗದ ಅಥವಾ ಮರದ ಹೊಟ್ಟು. ದೇವದಾರಿನ ಹೊಟ್ಟು ಬೇಡ, ಅದರ ಎಣ್ಣೆ ಹಾವಿಗಾಗದು. ಒಂದೆರಡು ವಾರಕ್ಕೊಮ್ಮೆ ಸತ್ತ ಇಲಿ ಕೊಡುತ್ತಾರೆ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ಹೆಚ್ಚು ದಪ್ಪವಿರಬಾರದು. ಕೊಟ್ಟ ಮೇಲೆ ಎರಡು ದಿನ ಹಾವನ್ನು ಮುಟ್ಟುವುದಿಲ್ಲ. ಮುಚ್ಚಳಕ್ಕೆ ಚಿಲಕ ಹಾಕುತ್ತಾರೆ, ಏಕೆಂದರೆ ಹಾವಿನ ತಲೆ ತೂರುವಷ್ಟು ಸಂದು ಸಿಕ್ಕರೆ ಮೈಯೂ ತೂರುತ್ತದೆ.

ನಮ್ಮ ನಗರಗಳಲ್ಲಿಯೂ ಇಂತಹ ಪರದೇಶದ ಹಾವುಗಳನ್ನು ತರಿಸುವವರಿದ್ದಾರೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು 1972ರ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿ ವಿಧಿಸುತ್ತದೆ. ಸಾಕಿ ಬೇಸರವಾದ ಮೇಲೆ ಕೆರೆಯಂಗಳದಲ್ಲಿ ಬಿಡುವುದು ದೊಡ್ಡ ತಪ್ಪು. ಬರ್ಮಾದ ಹೆಬ್ಬಾವು ಹೀಗೆ ಅಮೆರಿಕದ ಫ್ಲಾರಿಡಾದ ಜೌಗು ಸೀಮೆಗೆ ಸೇರಿ ಅಲ್ಲಿನ ಪ್ರಾಣಿಗಳನ್ನು ತಿಂದು ಬರಿದುಮಾಡುತ್ತಿದೆ. ಅದನ್ನು ಹಿಡಿದು ತೋರಿಸಲು 2017ರಲ್ಲಿ ಅಲ್ಲಿಯವರು ಕರೆಸಿಕೊಂಡದ್ದು ಮೇಲೆ ಹೇಳಿದ ವಡಿವೇಲ್ ಮತ್ತು ಮಾಸಿ ಇವರನ್ನೇ.

ಅರಿಯದೆ ಕಟ್ಟಿದ ಗೂಡು

ಕತ್ತಲು, ಇಕ್ಕಟ್ಟು, ಹದವಾದ ತೇವ, ಒಂದು ಕಡೆ ಬೆಚ್ಚಗೆ ಒಂದು ಕಡೆ ತಂಪು, ಪಕ್ಕದಲ್ಲೇ ಇಲಿ, ಯಾರೂ ಕದಲಿಸದ ಜಾಗ. ಈಗ ರೈತನ ಹಿತ್ತಿಲನ್ನು ನೋಡಿದರೆ ಗೋಡೆಗೆ ಒರಗಿಸಿದ ಸೌದೆ ರಾಶಿ, ನೆಲಕ್ಕೆ ತಾಗಿ ಒಟ್ಟಿದ ಹುಲ್ಲಿನ ಬಣವೆ, ಬೆರಣಿಯ ಗೂಡು, ಗಾರೆಯಿಲ್ಲದ ಕಲ್ಲುಗೋಡೆ, ಸೂರಿನಡಿ ಬೋರಲು ಹಾಕಿದ ಒಡಕು ಮಡಕೆ. ಕೊನೆಯದಂತೂ ವಡನೆಮ್ಮೇಲಿಯ ಮಡಕೆಯೇ, ಬಟ್ಟೆ ಕಟ್ಟಿಲ್ಲ ಅಷ್ಟೆ.

ಇವನ್ನೆಲ್ಲ ತೆಗೆದುಹಾಕೆಂದರೆ ಬೇಸಾಯ ನಡೆಯದು. ಆದರೆ ಒಂದೊಂದು ಗುಣವನ್ನು ಕೆಡಿಸಬಹುದು. ಬಣವೆಯನ್ನು ಮನೆಯಿಂದ ದೂರ, ಕಲ್ಲು ಅಥವಾ ಮರದ ಅಟ್ಟಣೆಯ ಮೇಲೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಒಟ್ಟಿದರೆ ಕೆಳಗೆ ಬೆಳಕು ಹರಿಯುತ್ತದೆ, ಬೆಕ್ಕು ಓಡಾಡುತ್ತದೆ. ಸೌದೆಯನ್ನು ಗೋಡೆಯಿಂದ ಸರಿಸಿ ಅಟ್ಟಣೆಯ ಮೇಲೆ ಜೋಡಿಸಬೇಕು. ತೆಗೆಯುವಾಗ ಮೊದಲು ಕೋಲಿನಿಂದ ಕದಲಿಸಿ ಅನಂತರ ಕೈ ಹಾಕಬೇಕು. ಹೆಂಗಸರು ನಸುಕಿನಲ್ಲಿ ಸೌದೆ, ಬೆರಣಿ ತೆಗೆಯುವಾಗಿನ ಕಡಿತಗಳು ಈ ಒಂದು ಅಭ್ಯಾಸದಿಂದ ತಪ್ಪುತ್ತವೆ. ಕೋಳಿಗೂಡಿಗೆ ಕಾಲು ಇಂಚಿಗಿಂತ ದೊಡ್ಡ ಕಣ್ಣಿನ ಬಲೆ ಬೇಡ. ಬಚ್ಚಲಿನ ನೀರು ಹೋಗುವ ತೂಬಿಗೂ ಬಲೆ ಬೇಕು. ಬಾಗಿಲಿನ ಕೆಳಗಿನ ಸಂದು ಒಂದು ಸೆಂಟಿಮೀಟರ್ ಇದ್ದರೂ ಮರಿ ಕಟ್ಟುಹಾವಿಗೆ ಅದು ಹೆಬ್ಬಾಗಿಲು. ಕಟ್ಟುಹಾವು ರಾತ್ರಿ ಸಂಚರಿಸುವಂಥದು. ಅದರ ಕಡಿತಕ್ಕೆ ಸಿಕ್ಕುವವರಲ್ಲಿ ಬಹಳ ಜನ ನೆಲದ ಮೇಲೆ ಮಲಗಿದವರು. ಕಡಿದದ್ದು ನೋವಿಲ್ಲದೆ ಹೋಗುವುದರಿಂದ ಬೆಳಗಿನ ಹೊಟ್ಟೆನೋವೆಂದೋ ಗಂಟಲು ಕಟ್ಟಿದೆಯೆಂದೋ ಕಾಲ ಕಳೆಯುತ್ತಾರೆ. ಮಂಚವಿಲ್ಲದವರು ಸೊಳ್ಳೆಪರದೆಯನ್ನು ಚಾಪೆಯ ಅಡಿಗೆ ಸುತ್ತಲೂ ಮಡಿಸಿ ಮಲಗಬೇಕು.

ಎಲ್ಲಕ್ಕಿಂತ ಮುಖ್ಯ ಇಲಿ. ಕಣಜದ ಸುತ್ತ ಇಲಿ ಇರುವವರೆಗೆ ಬೇರೆ ಯಾವ ಉಪಾಯವೂ ನಿಲ್ಲದು. ಹೊಲದ ಬದುವಿನಲ್ಲಿ ಕೇರೆಹಾವು ಕಂಡರೆ ಅದರ ಪಾಡಿಗೆ ಅದನ್ನು ಬಿಡುವುದೇ ಲಾಭ. ಇಲಿಪಾಷಾಣಕ್ಕೆ ಕೊಡುವ ದುಡ್ಡು ಉಳಿಯುತ್ತದೆ.

ಮನೆಯೊಳಗೆ ಹಾವು ಕಂಡಾಗ

ಮಡಕೆಯ ವಿಷಯ ಓದಿದ ಉತ್ಸಾಹಿ ಯುವಕರು ತಾವೇ ಮಡಕೆ ಹಿಡಿದು ಹೊರಡಬಾರದು. ಮಕ್ಕಳನ್ನೂ ದನಕರುಗಳನ್ನೂ ದೂರ ಕಳಿಸಿ, ಒಬ್ಬರು ಹತ್ತು ಅಡಿಗಿಂತ ಹಿಂದೆ ನಿಂತು ಹಾವಿನ ಮೇಲೆ ಕಣ್ಣಿಟ್ಟಿರಬೇಕು. ಹೊರಕ್ಕೆ ದಾರಿಯಿದ್ದರೆ ಗದ್ದಲವಿಲ್ಲದಿದ್ದಾಗ ಅದು ತಾನಾಗಿ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಗೆ ಅಥವಾ ಇಲಾಖೆಯ ಅನುಮತಿ ಪಡೆದ ಹಾವು ಹಿಡಿಯುವವರಿಗೆ ತಿಳಿಸಬೇಕು.

ಕಡಿದರೆ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ನಾಟಿಮದ್ದಿಗಾಗಿ ಕಾಯುವುದು ಕೂಡದು. ಉಂಗುರ, ಬಳೆ, ಕಾಲುಂಗುರ ತೆಗೆದು, ಮುರಿದ ಮೂಳೆಗೆ ದಬ್ಬೆ ಕಟ್ಟುವಂತೆ ಕೈಯನ್ನೋ ಕಾಲನ್ನೋ ಅಲುಗದಂತೆ ಇರಿಸಿ, ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು. ತಮ್ಮ ಸಮೀಪದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೆಂಬುದನ್ನು ಗ್ರಾಮ ಸೇವಕರೂ ರೈತರೂ ಮುಂಗಾರು ಶುರುವಾಗುವ ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು. ಮಲೆನಾಡಿನ ಅಡಿಕೆ, ಕಾಫಿ ತೋಟಗಳಲ್ಲಿ ಸಿಗುವ ಉಬ್ಬುಮೂಗಿನ ಗುಳಿಮಂಡಲದ ವಿಷಕ್ಕೆ ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಟುವುದಿಲ್ಲ. ಆದುದರಿಂದ ಅಲ್ಲಿಯವರು ಹಾವನ್ನು ಕೊಂದು ತರಲು ಹೊತ್ತು ಕಳೆಯದೆ, ಸಾಧ್ಯವಾದರೆ ದೂರದಿಂದ ಅದರ ಒಂದು ಚಿತ್ರ ತೆಗೆದುಕೊಂಡು ವೈದ್ಯರಿಗೆ ತೋರಿಸಬೇಕು.

ಹಾವನ್ನು ಸಾಗಿಸಿದ ಮೇಲೆ ಅದು ಅಡಗಿದ್ದ ಜಾಗವನ್ನು ಹಗಲು ಬೆಳಕಿನಲ್ಲಿ ಪರೀಕ್ಷಿಸಿ, ಇಲಿಬಿಲವಿದ್ದರೆ ಒಡೆದ ಗಾಜಿನ ಚೂರು ಮತ್ತು ಕಲ್ಲು ತುರುಕಿ, ಮೇಲೆ ಸಿಮೆಂಟಿನ ಗಾರೆ ಮೆತ್ತಬೇಕು. ಮಾರನೆಯ ದಿನ ಬಿಲ ಪಕ್ಕದಲ್ಲಿ ಬಾಯಿ ತೆರೆದಿದ್ದರೆ ಇಲಿ ಇನ್ನೂ ಒಳಗಿದೆ ಎಂದರ್ಥ, ಬೋನು ಇಡಬೇಕು.